ಐವತ್ತು ಒಗೆತದ ಬಟ್ಟೆ

ನನ್ನ ತಮ್ಮ ತೀರಿಕೊಂಡ ಸುದ್ದಿಯನ್ನು ನನಗೆ ಮೂರು ಕಂತಿನಲ್ಲಿ ಹೇಳಿದರು. ಮೊದಲು ಕಚೇರಿಯ ಜವಾನ ಮಗ್ಗದ ಕೋಣೆಯ ಬಾಗಿಲಲ್ಲಿ ನಿಂತು, "ಮಗ್ಗದಯ್ಯಾ, ನಿಮ್ಮ ತಮ್ಮನೋರಿಗೆ ಸ್ವಲ್ಪ ಬೆಂಕಿ ತಾಗಿದೆಯಂತೆ" ಎಂದ. ಆಸ್ಪತ್ರೆಯ ಮೊದಲನೆಯ ಕಿಟಕಿಯವರು, "ಸ್ವಲ್ಪ ಕಾಯಿರಿ" ಎಂದರು. ಎರಡನೆಯ ಕಿಟಕಿಯವರು, "ನೀವು ಅವರಿಗೆ ಏನಾಗಬೇಕು?" ಎಂದು ಕೇಳಿ, ನಾನು ಅಣ್ಣ ಎಂದ ಮೇಲೆ, "ಸ್ವಲ್ಪ ಧೈರ್ಯ ತಂದ್ಕೊಳ್ಳಿ" ಎಂದರು. ಅಂದಿನಿಂದ ಸ್ವಲ್ಪ ಎಂಬ ಮಾತು ಕಿವಿಗೆ ಬಿದ್ದರೆ ನನಗೆ ಮೈಯೆಲ್ಲ ಉರಿಯುತ್ತದೆ.

ನಮ್ಮದು ಬೆಂಕಿಯಿಂದ ಜನರನ್ನು ಕಾಪಾಡುವ ಬಟ್ಟೆಗಳನ್ನು ರೂಪಿಸುವ ಪ್ರಯೋಗಶಾಲೆ. ನಾನು ಹಿಂದಿನ ಕೋಣೆಯಲ್ಲಿ ಕೈಮಗ್ಗದ ಮೇಲೆ ಹತ್ತಿಯ ಬಟ್ಟೆ ನೇಯುತ್ತಿದ್ದೆ. ನನಗಿಂತ ಒಂಬತ್ತು ವರ್ಷಕ್ಕೆ ಚಿಕ್ಕವನಾದ ತಮ್ಮ ಮುಂದಿನ ಕೋಣೆಯಲ್ಲಿ ಅದಕ್ಕೆ ಲೇಪ ಹಾಕಿ, ಒಣಗಿಸಿ, ಸುಟ್ಟು ನೋಡುತ್ತಿದ್ದ. "ಅಣ್ಣ ನೇಯ್ತಾನೆ, ತಮ್ಮ ಸುಡ್ತಾನೆ, ಒಳ್ಳೇ ಸಂಸಾರ" ಎಂದು ಕಚೇರಿಯವರು ನಗುತ್ತಿದ್ದರು. ಏಳು ವರ್ಷ ಪಟ್ಟುಹಿಡಿದು ಅವನು ಒಂದು ಲೇಪ ಮಾಡಿದ್ದ. ಅದನ್ನು ಹಚ್ಚಿದ ಬಟ್ಟೆಗೆ ಬೆಂಕಿ ತಾಗಿದರೆ ಎರಡು ಸೆಕೆಂಡಿನಲ್ಲಿ ತಾನಾಗಿ ಆರುತ್ತಿತ್ತು. ನೀರು ಬಿದ್ದರೆ ಕೆಸುವಿನ ಎಲೆಯ ಮೇಲೆ ಬಿದ್ದಂತೆ ಉರುಳಿ ಹೋಗುತ್ತಿತ್ತು. ತೇವದಲ್ಲಿ ಇಟ್ಟರೂ ಬೂಷ್ಟು ಹಿಡಿಯುತ್ತಿರಲಿಲ್ಲ. ಮೂರೂ ಕೆಲಸ ಒಂದೇ ಲೇಪದಲ್ಲಿ. ಮೂರು ಲೇಪ ಹಚ್ಚಿದರೆ ಒಂದು ಇನ್ನೊಂದನ್ನು ತಿನ್ನುತ್ತದೆ, ಬಟ್ಟೆ ತಗಡಾಗುತ್ತದೆ ಎಂದು ಅವನ ವಾದ.

ಅವನ ಅಂಗಿಯ ಮೇಲಿನ ಕೋಟೂ ಅದೇ ಬಟ್ಟೆಯದು. ಆ ಕೋಟಿನ ತೋಳಿಗೇ ಬೆಂಕಿ ಹತ್ತಿ ಅವನು ಸತ್ತ. ಮರಳಿನ ಬಕೆಟ್ಟು ಅವನಿಂದ ಮೂರು ಹೆಜ್ಜೆ ದೂರದಲ್ಲಿತ್ತು, ನಲ್ಲಿ ನಾಲ್ಕು ಹೆಜ್ಜೆ. ಮೈಗೆ ಬೆಂಕಿ ಹತ್ತಿದರೆ ನೆಲಕ್ಕೆ ಬಿದ್ದು ಉರುಳಬೇಕು ಎಂದು ಇಡೀ ಸಂಸ್ಥೆಗೆ ಪಾಠ ಹೇಳಿದವನು ಅವನೇ. ಅಂಥವನು ನಿಂತಲ್ಲೇ ಯಾಕೆ ನಿಂತ ಎಂದು ಯಾರಿಗೂ ತಿಳಿಯಲಿಲ್ಲ. ಬಂದವರೆಲ್ಲ ವಿಧಿ ಎಂದರು. ನಾನು ದೇವರನ್ನು ನಂಬಿದವನು, ವಿಧಿಯನ್ನೂ ಬಲ್ಲೆ. ಆದರೆ ಗೊತ್ತಿಲ್ಲದ್ದನ್ನೆಲ್ಲ ವಿಧಿಯ ತಲೆಗೆ ಕಟ್ಟುವವರನ್ನು ಕಂಡರೆ ನನಗೆ ಆಗುವುದಿಲ್ಲ.

ಐದನೆಯ ದಿನ ನಿರ್ದೇಶಕರು ಮನೆಗೆ ಬಂದರು. ಕೈಯಲ್ಲಿ ವರದಿಯ ಪ್ರತಿ ಇತ್ತು.

"ಮಗ್ಗದಯ್ಯ, ಬಟ್ಟೆಯಲ್ಲಿ ತಪ್ಪಿಲ್ಲ. ಐವತ್ತು ಸಲ ಒಗೆದ ತುಂಡು ಫೈಲಿನಲ್ಲಿದೆ, ಅದಕ್ಕೆ ಬೆಂಕಿ ಹತ್ತೋದಿಲ್ಲ. ಕೋಟನ್ನ ಮನೇಲಿ ಒಗೆದಿದ್ದಾರಲ್ಲ, ಅಲ್ಲಿ ಏನೋ ಹೆಚ್ಚು ಕಡಿಮೆ ಆಗಿದೆ. ಸೋಪೋ, ಬಟ್ಟೆ ಮೆತ್ತಗಾಗಲಿ ಅಂತ ಹಾಕೋ ದ್ರವಾನೋ. ಹಾಗಂತ ಬರೆದಿದ್ದೀವಿ. ನಿಮ್ಮ ತಮ್ಮನ ಹೆಸರಿಗೆ ಕಳಂಕ ಬರೋದಿಲ್ಲ. ಸೋಮವಾರ ಮಕ್ಕಳ ಆಸ್ಪತ್ರೆಯಲ್ಲಿ ಅವರ ಲೇಪದ ಪರದೆಗಳೇ ಏರ್ತಾವೆ. ಇನ್ನೂರು ಪರದೆ."

ಆ ಮಾತು ಕೇಳಿ ನನ್ನ ಎದೆ ಹಗುರಾಯಿತು. ಅದನ್ನು ಬರೆಯಲು ಈಗ ನಾಚಿಕೆಯಾಗುತ್ತದೆ. ಅವರು ಹೋದ ಮೇಲೆ ತಮ್ಮನ ಹೆಂಡತಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು.

"ಹಾಗಾದ್ರೆ ನಾನೇ ಕೊಂದ್ನಾ, ಭಾವ?"

ಇಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ. ನಾನು ಪ್ರಾರ್ಥನೆಯ ಹೊತ್ತಾಯಿತು ಎಂದು ಎದ್ದು ಹೋದೆ.

ಕಣ್ಣು ಮುಚ್ಚಿ ಕೂತು ಎರಡು ನಿಮಿಷವಾಗಿರಲಿಲ್ಲ, ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದಾಯಿತು. ಮಾಳಿಗೆ ಅಕ್ಕ ಇಳಿದು ಬರುತ್ತಿದ್ದರು. ಅವರು ನಮ್ಮ ಮಹಡಿಯ ಬಾಡಿಗೆಯವರು. ಅಗ್ನಿಶಾಮಕ ದಳದಲ್ಲಿ ಮೂವತ್ತು ವರ್ಷ, ಬೆಂಕಿ ಆರಿಸುವ ಕೆಲಸವಲ್ಲ, ಆರಿದ ಮೇಲೆ ಅದು ಎಲ್ಲಿ ಹುಟ್ಟಿತು ಎಂದು ಹುಡುಕುವ ಕೆಲಸ ಮಾಡಿ ನಿವೃತ್ತರಾದವರು. ಬೀದಿಯಲ್ಲಿ ಏನು ಕಳೆದರೂ, ಯಾರು ಕೆಟ್ಟರೂ ಜನ ಅವರ ಮೆಟ್ಟಿಲು ಹತ್ತುತ್ತಿದ್ದರು. ನನ್ನನ್ನು ಹನ್ನೆರಡು ವರ್ಷದಿಂದ ಬಾಲದಂತೆ ಜೊತೆಗೆ ಎಳೆದುಕೊಂಡು ಹೋಗುತ್ತಿದ್ದರು. ಬುದ್ಧಿ ಚುರುಕು, ಆದರೆ ಹೊತ್ತು ಗೊತ್ತು ಇಲ್ಲ.

"ಯಜಮಾನ್ರೇ, ದೇವರು ಕಾಯ್ತಾನೆ. ನಿಮ್ಮ ನಿರ್ದೇಶಕರು ಕಾಯೋದಿಲ್ಲ. ಶನಿವಾರ ವರದಿಗೆ ರುಜು ಬೀಳುತ್ತಂತೆ. ನಿಮ್ಮ ತಮ್ಮನ ಸಾಮಾನು ಕೊಟ್ಟಿದ್ದಾರಲ್ಲ, ಆ ಚೀಲ ಎಲ್ಲಿ?"

"ಅದನ್ನ ನಾನು ಬಿಚ್ಚೋದಿಲ್ಲ ಅಕ್ಕ. ನೀವೂ ಬಿಚ್ಚಬೇಡಿ."

ಅವರು ಆಗಲೇ ಬಿಚ್ಚಿದ್ದರು. ಒಡೆದ ಕನ್ನಡಕ, ಪೆನ್ನು, ಕೋಟಿನ ಕಾಲರಿನ ಅಂಗೈಯಗಲ ತುಂಡು, ಬೆಂಕಿಯ ಪರೀಕ್ಷೆಗೆ ಬಳಸುವ ಸ್ಟಾಪ್ ವಾಚು. ಗುಂಡಿ ಒತ್ತಿದರೆ ಓಡುವ, ಮತ್ತೆ ಒತ್ತಿದರೆ ನಿಲ್ಲುವ ಹಳೆಯ ಗಡಿಯಾರ ಅದು. ಮುಳ್ಳು ಹನ್ನೊಂದು ಸೆಕೆಂಡಿಗೆ ನಿಂತಿತ್ತು.

"ಇದು ಎಲ್ಲಿ ಸಿಕ್ಕಿತು?"

"ಕೈಯಲ್ಲೇ ಇತ್ತಂತೆ."

ಅಕ್ಕ ನನ್ನ ಪಕ್ಕದಲ್ಲಿದ್ದ ಲೋಟದ ನೀರಿನಲ್ಲಿ ಬೆರಳದ್ದಿ ಕಾಲರಿನ ಮೇಲೆ ಒಂದು ಹನಿ ಬಿಟ್ಟರು. ಹನಿ ಹೀರಿಕೊಂಡು ಮಾಯವಾಯಿತು. "ಮುಟ್ಟಿ ನೋಡಿ" ಎಂದರು. ನಾನು ಆಗುವುದಿಲ್ಲ ಎಂದೆ. "ನೇಯ್ದ ಕೈ ನಿಮ್ಮದು, ನನ್ನದಲ್ಲ" ಎಂದರು. ಕೋಪದಲ್ಲಿ ಕಿತ್ತುಕೊಂಡೆ. ಬೆರಳಿಗೆ ಎಳೆ ಸಿಕ್ಕಿತು, ನನ್ನ ಮಗ್ಗದ್ದೇ. ಒಳಗಡೆ ಮಡಿಕೆಯಲ್ಲಿ ನನ್ನ ಗುರುತಿನ ಹೊಲಿಗೆ ಮಾಸಿ, ತಿಳಿ ಗುಲಾಬಿ ಬಣ್ಣಕ್ಕೆ ಬಂದಿತ್ತು.

"ಅದೇನು ಹೊಲಿಗೆ?"

"ಲೇಪ ಹಚ್ಚಿದ ಮೇಲೆ ಬಟ್ಟೆಯಲ್ಲಿ ಉದ್ದದ ಹಾಸು ಯಾವುದು, ಅಡ್ಡದ ಹೊಕ್ಕು ಯಾವುದು ಗೊತ್ತಾಗೋದಿಲ್ಲ. ಸುಡೋದು ಎರಡು ದಿಕ್ಕಿನಲ್ಲೂ ಸುಡಬೇಕು. ಅದಕ್ಕೆ ಒಣಗಿ ಬಂದ ಮೇಲೆ ಹಾಸಿನ ಅಂಚಿನುದ್ದಕ್ಕೂ ಒಂದು ಕೆಂಪು ದಾರ ಪೋಣಿಸ್ತೀನಿ. ಅಗ್ಗದ ದಾರ. ಬಣ್ಣ ಬಿಡುತ್ತೆ ಅಂತ ತಮ್ಮ ಬೈತಿದ್ದ."

"ಬೈತಿದ್ರಾ" ಎಂದು ಅಕ್ಕ ಆ ದಾರವನ್ನು ಉಗುರಿನಿಂದ ಕೆರೆದು ನೋಡಿದರು.

ಆಮೇಲೆ ಅಡುಗೆಮನೆಗೆ ಹೋಗಿ ತಮ್ಮನ ಹೆಂಡತಿಯ ಪಕ್ಕ ಕೂತರು. "ಏನಮ್ಮಾ, ಏನು ಹಾಕಿ ಒಗೀತಿದ್ದೆ?"

"ಬಾರ್ ಸೋಪು ಅಕ್ಕ. ಬೋರ್‌ವೆಲ್ ನೀರು. ಬೇರೆ ಏನೂ ಹಾಕಿಲ್ಲ. ಎಲ್ಲರ ಮನೇಲೂ ಒಗೆಯೋ ಹಾಗೇ ಒಗಿ, ವಿಶೇಷವಾಗಿ ಒಗೆದ್ರೆ ನನಗೇನು ಪ್ರಯೋಜನ ಅಂತ ಅವರೇ ಹೇಳಿದ್ರು. ಒಗೆದಾಗೆಲ್ಲ ಕ್ಯಾಲೆಂಡರಿನಲ್ಲಿ ಗೀಟು ಹಾಕಬೇಕಿತ್ತು. ಮರೆತರೆ ಮುಖ ಊದಿಸ್ಕೊಳ್ಳೋರು."

ಗೋಡೆಯ ಕ್ಯಾಲೆಂಡರಿನಲ್ಲಿ ಐದು ತಿಂಗಳ ಗೀಟುಗಳಿದ್ದವು. ಅಕ್ಕ ಎರಡು ಸಲ ಎಣಿಸಿದರು. ನಲವತ್ತೊಂದು.

ಮರುದಿನ ನನ್ನನ್ನು ಸಂಸ್ಥೆಗೆ ಹೊರಡಿಸಿದರು. ಒಗೆತದ ಕೋಣೆಯಲ್ಲಿ ಸಣ್ಣ ಯಂತ್ರವೊಂದು ಗುಡುಗುಡು ಎನ್ನುತ್ತಿತ್ತು. ಅಲ್ಲಿ ಬಟ್ಟೆಯ ತುಂಡುಗಳನ್ನು ಲೆಕ್ಕ ಹಾಕಿ ಒಗೆದು, ಪ್ರತಿ ಹತ್ತು ಒಗೆತಕ್ಕೆ ಒಂದು ಚೂರನ್ನು ಸುಟ್ಟು ನೋಡುವ ಹೆಂಗಸಿಗೆ ನಾವೆಲ್ಲ ಒಗೆತದಮ್ಮ ಎನ್ನುತ್ತಿದ್ದೆವು. ಗುತ್ತಿಗೆಯ ಕೆಲಸ ಆಕೆಯದು, ವರ್ಷಕ್ಕೊಮ್ಮೆ ನವೀಕರಣ. ಮಾತಿನ ಮಲ್ಲಿ. ಅಂದು ಮಾತ್ರ ಬಾಯಿಗೆ ಬೀಗ.

"ಐವತ್ತು ಒಗೆತ ನೀವೇ ಒಗೆದಿರಾ?" ಎಂದು ಅಕ್ಕ ಕೇಳಿದರು.

"ಪಟ್ಟಿಯಲ್ಲಿ ನನ್ನ ರುಜು ಇದೆಯಲ್ಲ. ಫೈಲ್ ನೋಡಿ."

"ಆಗ ಇವರ ತಮ್ಮ ಎಲ್ಲಿದ್ರು?"

"ಕಣ್ಣಿನ ಆಪರೇಷನ್ ಆಗಿ ಮೂರು ವಾರ ರಜೆ. ಫೈಲ್ ನೋಡಿ ಅಂದೆನಲ್ಲ."

ಫೈಲು ನೋಡಲು ಮೂರು ಮೇಜು ತಿರುಗಿದೆವು. ಒಬ್ಬರ ಹತ್ತಿರ ಬೀಗ, ಇನ್ನೊಬ್ಬರ ಹತ್ತಿರ ಬೀಗದ ಕೈ, ಮೂರನೆಯವರು ಊಟಕ್ಕೆ. ಕೊನೆಗೆ ಸಿಕ್ಕಿತು. ರಟ್ಟಿನ ಮೇಲೆ ಅಂಟಿಸಿದ ತುಂಡಿನ ಕೆಳಗೆ 'ಐವತ್ತು ಒಗೆತ' ಎಂದು ಬರೆದಿತ್ತು. ಅಕ್ಕ ಅದರ ಮೇಲೂ ಹನಿ ಬಿಟ್ಟರು. ಹನಿ ಉರುಳಿ ನೆಲಕ್ಕೆ ಬಿತ್ತು.

"ಏನು ಕಾಣುತ್ತೆ ಯಜಮಾನ್ರೇ?"

"ನನ್ನ ಬಟ್ಟೆ. ಇನ್ನೇನು ಕಾಣಬೇಕು? ಒಂದು ಅಂಚಿಗೆ ಕೆಂಪು ದಾರ, ಕುಂಕುಮ ಇದ್ದ ಹಾಗೆ. ಇನ್ನೊಂದು ಅಂಚಿಗೆ ನೂಲಿನ ಕುಚ್ಚು. ಮನೆಗೆ ಹೋಗೋಣ, ನನಗೆ ಕಾಲು ನೋಯ್ತಿದೆ."

"ಕತ್ತರಿಸಿದ ಬಟ್ಟೆಗೆ ಕುಚ್ಚು ಬರುತ್ತಾ?"

"ನನ್ನ ಕತ್ತರಿಯಲ್ಲಿ ಬರೋದಿಲ್ಲ. ಅದಕ್ಕೆ ಗರಗಸದ ಹಾಗೆ ಹಲ್ಲಿದೆ, ಎಳೆ ಬಿಚ್ಚಬಾರದು ಅಂತಲೇ ಅದು."

"ಎಲ್ಲ ತುಂಡೂ ಅದರಲ್ಲೇ ಕತ್ತರಿಸ್ತೀರಾ?"

ನನಗೆ ತಾಳ್ಮೆ ಮುಗಿದಿತ್ತು. "ಎಲ್ಲ. ಪುಸ್ತಕದಲ್ಲಿ ಬರೆದು, ರುಜು ತಗೊಂಡು ಕೊಡ್ತೀನಿ. ಒಂದೇ ಒಂದು ಸಲ ಕೈಯಲ್ಲಿ ಹರಿದು ಕೊಟ್ಟೆ. ಸಾಣೆಯವನು ಕತ್ತರೀನ ಎಂಟು ದಿನ ಇಟ್ಕೊಂಡಿದ್ದ. ನಿರ್ದೇಶಕರು ಖುದ್ದಾಗಿ ಬಂದು, ಅತಿಥಿಗಳಿಗೆ ತೋರಿಸಬೇಕು, ಒಂದು ಮೊಳ ಕೊಡಿ ಅಂದ್ರು. ಅವರ ಹತ್ತಿರ ರುಜು ಕೇಳೋಕಾಗುತ್ತಾ? ಈಗ ನನ್ನ ಕತ್ತರಿಯ ಜಾತಕ ಯಾಕೆ ಬೇಕು ನಿಮಗೆ?"

ಅಕ್ಕ ಜಾತಕ ಹೇಳಲಿಲ್ಲ. ಮನೆಯ ಗೇಟಿನಲ್ಲಿ ನಿಂತು ಮಾತ್ರ, "ನಿಮಗೆ ಒಂದು ಕೇಳ್ತೀನಿ" ಎಂದರು. "ಈ ವರದಿ ಹೀಗೇ ಉಳಿದರೆ ನಿಮ್ಮ ತಮ್ಮ ಗೆದ್ದವರು. ಬಟ್ಟೆ ಒಳ್ಳೇದು, ಹೆಂಡತಿ ಕೆಟ್ಟವಳು. ನಾನು ಬಾಯಿ ಬಿಟ್ಟರೆ ಅವರ ಏಳು ವರ್ಷದ ಕೆಲಸ ಅರ್ಧಕ್ಕೆ ನಿಂತ ಕೆಲಸ ಅಂತಾಗುತ್ತೆ. ಬಾಯಿ ಬಿಡ್ಲಾ?"

ನಾನು ಒಳಗೆ ಹೋದೆ. ಕ್ಯಾಲೆಂಡರಿನ ಮುಂದೆ ತಮ್ಮನ ಹೆಂಡತಿ ನಿಂತಿದ್ದಳು. ಗೀಟುಗಳ ಮೇಲೆ ಬೆರಳಿಟ್ಟು ತನ್ನಷ್ಟಕ್ಕೇ ಎಣಿಸುತ್ತಿದ್ದಳು, ಯಾವ ಗೀಟಿನ ದಿನ ತಪ್ಪಿದೆ ಎಂದು ಹುಡುಕುವವಳ ಹಾಗೆ. ಹೊರಗೆ ಬಂದು, "ಬಾಯಿ ಬಿಡಿ ಅಕ್ಕ" ಎಂದೆ.

ಶನಿವಾರ ಬೆಳಿಗ್ಗೆ ಹತ್ತಕ್ಕೆ ನಿರ್ದೇಶಕರ ಕೋಣೆಯಲ್ಲಿ ಸೇರಿದೆವು. ಪರದೆಗಳನ್ನು ಒಪ್ಪಿಕೊಳ್ಳಲು ಮಕ್ಕಳ ಆಸ್ಪತ್ರೆಯ ಮೇಲ್ವಿಚಾರಕಿ ಬಂದಿದ್ದರು. ಒಗೆತದಮ್ಮ ಮೂಲೆಯ ಕುರ್ಚಿಯ ತುದಿಯಲ್ಲಿ ಕೂತಿದ್ದಳು. ತಮ್ಮನ ಹೆಂಡತಿ ಬರುವುದಿಲ್ಲ ಎಂದಿದ್ದಳು. ಅಕ್ಕ ಕ್ಯಾಲೆಂಡರನ್ನು ಗೋಡೆಯಿಂದ ತೆಗೆದು ಅವಳ ಕೈಯಲ್ಲೇ ಹೊರಿಸಿ ಕರೆತಂದಿದ್ದರು.

ನಿರ್ದೇಶಕರು ಗಡಿಯಾರ ನೋಡಿಕೊಂಡು, "ಮನೆಯವರ ಸಮಾಧಾನಕ್ಕೆ ಹತ್ತು ನಿಮಿಷ" ಎಂದರು.

"ಸಾಕು. ಐವತ್ತು ಒಗೆತದ ಫೈಲನ್ನ ತರಿಸಿ. ಒಂದು ಲೋಟ ನೀರು ಕೂಡ" ಎಂದರು ಅಕ್ಕ.

ಎರಡೂ ಬಂದವು. ಅಕ್ಕ ತಮ್ಮನ ಗಡಿಯಾರವನ್ನು ಮೇಜಿನ ಮಧ್ಯೆ ಇಟ್ಟರು.

"ಬೆಂಕಿ ಹತ್ತಿದ ಮನುಷ್ಯ ಯಾಕೆ ಓಡಲಿಲ್ಲ ಅಂತ ಎಲ್ಲರೂ ಕೇಳ್ತಿದ್ರು. ಉತ್ತರ ಅವರ ಕೈಯಲ್ಲೇ ಇತ್ತು. ತೋಳಿಗೆ ಕಿಡಿ ತಾಗಿತು. ಅವರು ಗಾಬರಿ ಆಗಲಿಲ್ಲ. ಗುಂಡಿ ಒತ್ತಿ ಎಣಿಸಿದರು. ಎರಡು ಸೆಕೆಂಡಿಗೆ ಆರಬೇಕು. ಆರಲಿಲ್ಲ. ಇನ್ನೇನು ಆರುತ್ತೆ ಅಂತ ಕಾದರು. ಹನ್ನೊಂದಕ್ಕೆ ನಂಬಿಕೆ ಹೋಯಿತು, ಗುಂಡಿ ಒತ್ತಿದರು. ಅಷ್ಟರಲ್ಲಿ ಬೆನ್ನಿಗೆ ಹತ್ತಿತ್ತು. ಆ ಮನುಷ್ಯನಿಗೆ ಬೆಂಕಿಯಷ್ಟೇ ಶತ್ರು ನಂಬಿಕೆ. ಆ ನಂಬಿಕೆ ಎಲ್ಲಿ ಹುಟ್ಟಿತು, ನನಗೆ ಬೇಕಾದದ್ದು ಅದು."

ತಮ್ಮನ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡಳು. ಇಷ್ಟು ಬಿಡಿಸಿ ಹೇಳಬೇಕಿತ್ತೇ ಎಂದು ನನಗೆ ಅಕ್ಕನ ಮೇಲೆ ಕೋಪ ಬಂತು. ಅವರು ನಿಲ್ಲಿಸಲಿಲ್ಲ. ಕಾಲರಿನ ಮೇಲೆ ಒಂದು ಹನಿ, ಫೈಲಿನ ತುಂಡಿನ ಮೇಲೆ ಒಂದು ಹನಿ ಬಿಟ್ಟರು. ಒಂದು ಇಂಗಿತು, ಒಂದು ಉರುಳಿತು.

"ಒಂದೇ ಲೇಪ, ಮೂರು ಕೆಲಸ. ನೀರು ಒಳಗೆ ಹೋಗ್ತಿದೆ ಅಂದ್ರೆ ಲೇಪ ಇಲ್ಲ. ಲೇಪ ಇಲ್ಲ ಅಂದ್ರೆ ಬೆಂಕಿಯೂ ಹತ್ತುತ್ತೆ. ನಲವತ್ತೊಂದು ಒಗೆತಕ್ಕೆ ಕೋಟಿನ ಲೇಪ ಹೋಗಿದೆ."

"ನಾನೂ ಅದನ್ನೇ ಹೇಳಿದ್ದು" ಎಂದರು ನಿರ್ದೇಶಕರು. "ಮನೆಯ ಒಗೆತ. ನಮ್ಮದು ಐವತ್ತಾದರೂ ಹೋಗಿಲ್ಲ."

"ಇದು ಐವತ್ತು ಸಲ ನೀರು ಕಂಡಿದೆಯಾ? ಯಜಮಾನ್ರೇ, ಈಗಲಾದರೂ ಸರಿಯಾಗಿ ನೋಡಿ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ."

ನೋಡಿದೆ. ನನ್ನ ಮೂರ್ಖತನಕ್ಕೆ ನನಗೇ ಹೊಡೆದುಕೊಳ್ಳಬೇಕೆನಿಸಿತು. ಕಾಲರಿನ ದಾರ ಮಾಸಿ ಗುಲಾಬಿ. ಫೈಲಿನ ತುಂಡಿನ ದಾರ ರೀಲಿನಿಂದ ಈಗ ತಾನೇ ಬಿಚ್ಚಿದ ಕೆಂಪು. ನನ್ನ ಅಗ್ಗದ ದಾರ ಮೊದಲ ಒಗೆತಕ್ಕೇ ಬಣ್ಣ ಕಾರುತ್ತದೆ.

"ಇದನ್ನ ಒಂದು ಸಲವೂ ಒಗೆದಿಲ್ಲ" ಎಂದೆ.

ಎಲ್ಲರೂ ಒಗೆತದಮ್ಮನ ಕಡೆ ತಿರುಗಿದರು. ಆಕೆ ಎದ್ದು ನಿಂತಳು.

"ಆಯಮ್ಮನ ಮೇಲೆ ಹೋಗಬೇಡಿ" ಎಂದು ಅಕ್ಕ ತಡೆದರು. "ರುಜು ಆಕೆಯದು. ತುಂಡು ಆಕೆಯದಲ್ಲ. ಆಕೆಗೆ ಹೋದ ತುಂಡುಗಳೆಲ್ಲ ಪುಸ್ತಕದಲ್ಲಿವೆ, ಎಲ್ಲಕ್ಕೂ ಹಲ್ಲಿನ ಅಂಚು. ಇದರ ಒಂದು ಅಂಚು ನೋಡಿ, ಕೈಯಲ್ಲಿ ಹರಿದದ್ದು. ಯಜಮಾನ್ರ ಕೋಣೆಯಿಂದ ಹರಿದ ಬಟ್ಟೆ ಹೊರಗೆ ಹೋಗಿದ್ದು ಒಂದೇ ಸಲ. ಅತಿಥಿಗಳಿಗೆ ತೋರಿಸಲಿಕ್ಕೆ. ಯಾರ ಕೈಗೆ ಕೊಟ್ಟಿರಿ, ಯಜಮಾನ್ರೇ?"

ನಾನು ನಿರ್ದೇಶಕರ ಮುಖ ನೋಡಿದೆ.

ಒಗೆತದಮ್ಮ ಕೈಚೀಲದಿಂದ ಪತ್ರಿಕೆಯಲ್ಲಿ ಸುತ್ತಿದ ಪೊಟ್ಟಣ ತೆಗೆದಳು. ಒಳಗೆ ಮುಕ್ಕಾಲು ಸುಟ್ಟ ತುಂಡು. ಉಳಿದ ಅಂಚಿಗೆ ಹಲ್ಲು ಹಲ್ಲು, ಬಣ್ಣ ಹೋದ ದಾರ.

"ಇದು ನಲವತ್ತನೇ ಒಗೆತದ್ದು. ಕಾಗದದ ಹಾಗೆ ಉರೀತು. ಸಾಹೇಬ್ರಿಗೆ ತೋರಿಸಿದೆ. ನೀನು ಸೋಪು ತಪ್ಪಿ ಹಾಕಿರ್ತೀಯ, ನಾನು ಬೇರೆ ಮಾಡಿಸ್ತೀನಿ ಅಂದ್ರು. ಎರಡು ದಿನಕ್ಕೆ ಪಟ್ಟಿ ತಂದು ರುಜು ಹಾಕು ಅಂದ್ರು. ಆ ತಿಂಗಳು ನನ್ನ ಗುತ್ತಿಗೆ ಮುಗೀತಿತ್ತು." ಆಕೆ ತಮ್ಮನ ಹೆಂಡತಿಯ ಕಡೆ ನೋಡಲಾರದೆ ನೆಲ ನೋಡಿದಳು. "ಅವರು ರಜೆ ಮುಗಿಸಿ ಬಂದಾಗ ಹೇಳಬೇಕು ಅಂತ ಮೂರು ಸಲ ಬಾಗಿಲ ತನಕ ಹೋಗಿದ್ದೆ, ತಾಯಿ. ಫೈಲ್ ಓದಿ ಅವರು ಸಿಳ್ಳೆ ಹಾಕ್ತಿದ್ರು. ಹಿಂದಕ್ಕೆ ಬಂದೆ."

ನಿರ್ದೇಶಕರು ಕನ್ನಡಕ ತೆಗೆದು ಒರೆಸಿದರು.

"ಪರದೆ ಏರಿಸೋಕೆ ಈ ಸೋಮವಾರ ಅಂತ ಆರು ತಿಂಗಳ ಹಿಂದೇನೇ ನಿಗದಿಯಾಗಿತ್ತು" ಎಂದರು. "ಮೇಲಿನವರಿಗೆ ಮಾತು ಕೊಟ್ಟಾಗಿತ್ತು. ಪರದೆ ಏರಲಿ, ಮುಂದಿನ ಸಲ ಲೇಪ ಗಟ್ಟಿ ಮಾಡಿಸೋಣ ಅಂದ್ಕೊಂಡೆ. ಅವರು ಅದನ್ನ ದಿನಾ ಮೈಮೇಲೆ ಹಾಕ್ಕೊಳ್ತಾರೆ ಅಂತ ನನಗೇನು ಗೊತ್ತು? ಸ್ವಲ್ಪ ಆತುರ ಆಯ್ತು, ಅಷ್ಟೇ."

ಸ್ವಲ್ಪ. ನಾನು ಕುರ್ಚಿಯಿಂದ ಎದ್ದೆ. ಏನು ಮಾಡುತ್ತಿದ್ದೆನೋ ಭಗವಂತನಿಗೇ ಗೊತ್ತು. ಅಷ್ಟರಲ್ಲಿ ಆಸ್ಪತ್ರೆಯ ಮೇಲ್ವಿಚಾರಕಿ ಪೆನ್ನಿನ ಮುಚ್ಚಳ ಹಾಕಿ ಜೇಬಿಗೆ ಇಟ್ಟುಕೊಂಡರು.

"ನಮ್ಮಲ್ಲಿ ಪರದೆಗಳನ್ನ ವಾರಕ್ಕೊಮ್ಮೆ ಒಗೀತಾರೆ" ಎಂದರು. "ನಲವತ್ತು ವಾರ ಅಂದ್ರೆ ವರ್ಷವೂ ಆಗೋದಿಲ್ಲ. ಮಕ್ಕಳು ಎದ್ದು ಓಡೋ ಸ್ಥಿತಿಯಲ್ಲಿ ಇರೋದಿಲ್ಲ ಸರ್. ಇನ್ನೂರು ಪರದೇನೂ ವಾಪಸ್ ತಗೊಳ್ಳಿ. ಈ ಫೈಲ್ ಪೊಲೀಸರಿಗೆ ಹೋಗಲಿ."

ಅಕ್ಕ ಕ್ಯಾಲೆಂಡರನ್ನು ಫೈಲಿನ ಮೇಲೆ ಇಟ್ಟರು. "ಇದೂ ಜೊತೆಗೆ ಹೋಗಲಿ. ಈ ಸಂಸ್ಥೆಯಲ್ಲಿ ಈ ಬಟ್ಟೆಯನ್ನ ನಲವತ್ತು ದಾಟಿಸಿ ಒಗೆದು, ಸರಿಯಾಗಿ ಲೆಕ್ಕ ಇಟ್ಟವರು ಒಬ್ಬರೇ. ಅವರು ಸಂಬಳದವರಲ್ಲ."

ನಾವು ಮೂವರೂ ಮನೆಗೆ ಬಂದೆವು. ಅಡುಗೆಮನೆಯ ಗೋಡೆಯಲ್ಲಿ ಕ್ಯಾಲೆಂಡರ್ ಇದ್ದ ಜಾಗ ಚೌಕಾಕಾರವಾಗಿ ಬೆಳ್ಳಗೆ ಕಾಣುತ್ತಿತ್ತು. ಅದರ ಮುಂದೆ ನಿಂತು ನಾನು ತಮ್ಮನ ಹೆಂಡತಿಗೆ ಕೈ ಮುಗಿದೆ.

"ಅವತ್ತು ನೀನು ಕೇಳಿದಾಗ ಇಲ್ಲ ಅನ್ನಬೇಕಿತ್ತು. ಅನ್ನಲಿಲ್ಲ. ತಪ್ಪಾಯ್ತಮ್ಮಾ."

"ಬಿಡಿ ಭಾವ, ದೊಡ್ಡೋರು ಕೈ ಮುಗೀಬಾರದು" ಎಂದಳು. ಗೋಡೆಯ ಆ ಚೌಕವನ್ನು ಸೆರಗಿನಿಂದ ಒರೆಸುತ್ತಾ, "ಅವರ ಬಟ್ಟೆ ಸೋತಿತಲ್ಲ" ಎಂದಳು.

"ಸೋತಿಲ್ಲ. ಮುಗಿದಿಲ್ಲ" ಎಂದೆ. ಒಗೆತದಮ್ಮ ತನ್ನ ಹೇಳಿಕೆ ಬರೆದುಕೊಟ್ಟು, ಸೋಮವಾರದಿಂದ ಒಂದನೇ ಒಗೆತದಿಂದ ಮತ್ತೆ ಶುರು ಮಾಡುತ್ತೇನೆ, ಕೆಲಸದಲ್ಲಿ ಇಟ್ಟುಕೊಂಡರೆ, ಎಂದು ಹೇಳಿದ್ದಳು. ಬಟ್ಟೆ ನಾನು ನೇಯಬೇಕು. ಅದಕ್ಕೆ ಎರಡೂ ಅಂಚಿಗೆ ದಾರ ಪೋಣಿಸುತ್ತೇನೆ, ಬಣ್ಣ ಬಿಡುವ ಅದೇ ಅಗ್ಗದ ದಾರ. ಬೈಯುವವನು ಇಲ್ಲ.

ಮಾಳಿಗೆ ಅಕ್ಕ ನನ್ನ ಲೋಟವನ್ನು ತೆಗೆದುಕೊಂಡು ಮೇಲೆ ಹೋದರು, ವಾಪಸು ಕೊಡಲಿಲ್ಲ. ನಾನು ಅವತ್ತು ಅರ್ಧಕ್ಕೆ ಬಿಟ್ಟಿದ್ದ ಪ್ರಾರ್ಥನೆಗೆ ಕೂತೆ. ಇಷ್ಟು ದಿನ ನೆನಪಾಗದ ಮಾತುಗಳು ತಾವಾಗಿ ಬಂದವು.

ಭಗವಂತಾ, ನನ್ನ ತಮ್ಮ ನಿನ್ನ ಬಾಗಿಲಿಗೆ ಬಂದಾಗಲೂ ಎಣಿಸುತ್ತಲೇ ಇದ್ದಾನು. ಬೇಗ ಬೇಗ ಉತ್ತರ ಕೇಳುವುದು ಅವನ ಹುಟ್ಟುಗುಣ, ಕ್ಷಮಿಸು. ಬರೆದದ್ದನ್ನು ನಂಬಿದ, ಅದೊಂದೇ ಅವನ ತಪ್ಪು. ಅವನ ಕೈಯಿಂದ ಆ ಗಡಿಯಾರವನ್ನು ಮೆಲ್ಲಗೆ ಬಿಡಿಸಿಕೋ. ಇನ್ನು ಎಣಿಸಬೇಕಾಗಿಲ್ಲ ಎಂದು ಹೇಳು. ಉರಿಯಿಲ್ಲದ, ತಣ್ಣನೆಯ ನೆರಳಿನಲ್ಲಿ ಅವನನ್ನು ಮಲಗಿಸು. ಅವನ ಆತ್ಮಕ್ಕೆ ಶಾಂತಿ ಕೊಡು.